ಶೈಲಶ್ರೀಯ ಸಂದೇಹ

ಬರಿಗೈಯಲ್ಲಿ ನಡೆಯುವಾಗಲೂ ಶೈಲಶ್ರೀ ಅಂಚಿನವರೆಗೆ ತುಂಬಿದ ಬಟ್ಟಲು ಹಿಡಿದವಳಂತೆ ನಡೆಯುತ್ತಾಳೆ. ಸೊಲ್ಲಾಪುರದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನಳಿಕೆಗಳನ್ನು ಅಲುಗದಂತೆ ಒಯ್ದ ಆ ಕೈಗಳು ಸಂತೆಯ ಸಂದಣಿಯಲ್ಲಿಯೂ ತಮ್ಮ ಎಚ್ಚರ ಬಿಡವು. ಮಾತೂ ಹಾಗೆಯೇ: "ಹಂಗಂತ ಅಲ್ಲ, ಆದ್ರ…" ಎಂದು ಆರಂಭವಾಗಿ, ಎಲ್ಲಿಗೂ ಮುಟ್ಟದೆ ನಿಂತುಬಿಡುತ್ತದೆ.

ದೇಹದ ಪ್ರತಿಯೊಂದು ಜೀವಕೋಶವೂ ತನ್ನ ಸ್ಥಿತಿಯ ಸುಳಿವನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಚೀಲಗಳಲ್ಲಿ ತುಂಬಿ ಹೊರಬಿಡುತ್ತದೆ; ರಕ್ತದಲ್ಲಿ, ಜೊಲ್ಲಿನಲ್ಲಿ, ಮೂತ್ರದಲ್ಲಿ ತೇಲುವ ಆ ಚೀಲಗಳನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ತಳಕ್ಕಿಳಿಸಿ, ಬೇರ್ಪಡಿಸಿ, ಅವುಗಳಲ್ಲಿ ಕ್ಯಾನ್ಸರಿನ ಗುರುತು ಹುಡುಕುವುದು ಅವಳ ಕೆಲಸ. ಅವಳ ಊರಾದ ವಾಗದರಿಯ ಮನೆಯಲ್ಲಿ ಅವ್ವ ಗುರುಲಿಂಗಮ್ಮ ಕೇಳಿದ್ದಳು: "ಕಾಣಲಾರದ್ದು ಸಿಕ್ಕೈತಂತ ನಿನಗ ಹ್ಯಾಂಗ ತಿಳೀತದ, ಶೈಲಾ?" ಮಗಳು ನಕ್ಕಿದ್ದಳು. ರೋಗಿಗಳ ಮೂತ್ರದೊಡನೆ ಹೋಲಿಸಲು ನಿರೋಗಿಗಳದೂ ಬೇಕಿತ್ತು. ಅವ್ವ ಚೇಷ್ಟೆ ಮಾಡುತ್ತಲೇ ಡಬ್ಬಿ ತುಂಬಿಕೊಟ್ಟಳು.

ಅದರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಗುರುತು ಕಂಡಿತು.

ಡಬ್ಬಿಯಲ್ಲಿ ಉಳಿದದ್ದನ್ನು ಮತ್ತೆ ಪರೀಕ್ಷಿಸಿದಳು, ಗುರುತು ಕಾಣಲಿಲ್ಲ. ಮೊದಲ ಸಲ ಸಿಕ್ಕಿದ್ದು ರೋಗವೋ, ಚೀಲಗಳ ಜೊತೆ ಬಂದ ಕಸವೋ? ಎರಡನೆಯ ಸಲ ಚೀಲಗಳೇ ಕೈತಪ್ಪಿದವೋ? ಅವಳ ಮಾರ್ಗದರ್ಶಕ ಕೈಲಾಸ ಸರ್, "ಪರೀಕ್ಷೇನ ಇನ್ನೂ ಪಕ್ಕಾ ಆಗಿಲ್ಲ. ಮನ್ಯಾಗ ಹೇಳಿ ಯಾಕ ಅಂಜಸ್ತೀರಿ?" ಎಂದರು. ಅದೂ ಸರಿಯೇ. ಹೇಳಿದರೆ ವೃಥಾ ಭಯ. ಹೇಳದಿದ್ದರೆ… ಆ ವಾಕ್ಯವನ್ನು ಅವಳು ಮನಸ್ಸಿನಲ್ಲಿಯೂ ಮುಗಿಸಲಿಲ್ಲ. ಅಕ್ಕಲಕೋಟದ ಎಸ್‌ಟಿ ಬಸ್ಸು ಹತ್ತಿ ಊರಿಗೆ ಹೋದಳು.

"ಅವ್ವಾ, ದವಾಖಾನಿಗೆ ನಡಿ."

"ಯಾಕ, ರೋಗ ಐತೇನು?"

"ಗೊತ್ತಿಲ್ಲ."

"ಹಂಗಾರ ಇಲ್ಲೇನು?"

"ಅದೂ ಗೊತ್ತಿಲ್ಲ."

"ಇಷ್ಟು ಓದಿ ಇದನ್ನ ಹೇಳಾಕ ಬಂದಿಯೇನ?" ಎಂದು ಗುರುಲಿಂಗಮ್ಮ ಸಿಡುಕಿದಳು. ಸಿಡುಕುತ್ತಲೇ ಹೊರಟಳು.

ಸೊಲ್ಲಾಪುರದ ವೈದ್ಯರು ಮೂತ್ರಕೋಶದೊಳಗೆ ದುರ್ಬೀನಿನ ಸಣ್ಣ ಕೊಳವೆ ಇಳಿಸಿ ನೋಡಿದರು. ಏನೂ ಇರಲಿಲ್ಲ. "ಆದ್ರೂ ಆರು ತಿಂಗಳಿಗೆ ಒಮ್ಮೆ ಬಂದು ತೋರಿಸ್ರಿ," ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಅವ್ವ ನಿರಾಳವಾಗಿ ಈರುಳ್ಳಿಯ ಕಾಂದಾಭಜಿ ತಿನ್ನುತ್ತಿದ್ದರೆ, ಮಗಳಿಗೆ ಹಿಗ್ಗಬೇಕೋ, ತನ್ನ ಪರೀಕ್ಷೆ ಸೋತಿತೆಂದು ವ್ಯಥೆಪಡಬೇಕೋ, ದುರ್ಬೀನಿಗೆ ಇನ್ನೂ ಕಾಣದ್ದನ್ನು ತನ್ನ ನಳಿಕೆ ಕಂಡಿತೇನೋ ಎಂದು ನಡುಗಬೇಕೋ ಒಂದೂ ತಿಳಿಯದು. ಆ ಮುಖವನ್ನು ನೋಡಿದ ಗುರುಲಿಂಗಮ್ಮ ಒಂದು ಭಜಿಯನ್ನು ಅವಳ ಬಾಯಿಗೆ ತುರುಕಿ, "ತಿನ್ನು. ಮತ್ತ ಬರೂಣಂತ," ಎಂದಳು.

ಅರಿವು ಇನ್ನೂ ಗಟ್ಟಿಯಾಗದ ಎಡೆಯಲ್ಲಿ ನಿಂತು ದುಡಿಯುವ ಇಂಥವರು ಸುಳ್ಳು ಧೈರ್ಯ ಹೇಳಲಾರರು, ಸುಳ್ಳು ಭಯವನ್ನೂ ಹುಟ್ಟಿಸಲಾರರು. ಅದಕ್ಕೇ ಅವರ ಪ್ರೀತಿ ಮನೆಯವರ ಕಣ್ಣಿಗೆ ಬಹುಕಾಲ ಬರಿಯ ಅನುಮಾನವಾಗಿಯೇ ಕಾಣುತ್ತದೆ.