ತಟ್ಟೆಯಲ್ಲಿಲ್ಲದ ದನಿ

ಮೇಷ್ಟ್ರು ಕಪಾಟಿನ ಬೀಗ ತೆಗೆಯುವಷ್ಟರಲ್ಲೇ ಹಜಾರದಿಂದ ಪಿಟೀಲು ಕೇಳಿಬಂತು. ಹೆಂಡತಿ ಅವರಿಗಾಗಿ ಕಾಯದೆ ಕಂಪ್ಯೂಟರಿನ ಗುಂಡಿ ಒತ್ತಿದ್ದಳು.

ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಅವರು ತಮ್ಮ ಶಾಸ್ತ್ರೀಯ ಸಂಗೀತದ ರೆಕಾರ್ಡುಗಳನ್ನು ವಾದ್ಯದ ಪ್ರಕಾರ, ಅದರೊಳಗೆ ಕಲಾವಿದರ ಪ್ರಕಾರ, ಅದರೊಳಗೂ ಕಾಲದ ಪ್ರಕಾರ ಜೋಡಿಸಿಟ್ಟಿದ್ದರು. ಆ ಕ್ರಮ ಅವರೊಬ್ಬರಿಗೇ ತಿಳಿದಿತ್ತು. ಧೂಳು ಒರೆಸುವವರೂ ತಟ್ಟೆಯ ಮೇಲೆ ಮುಳ್ಳು ಇಳಿಸುವವರೂ ಅವರೇ. ತಟ್ಟೆ ತಿರುಗುತ್ತಿರುವಾಗ ಮನೆಯಲ್ಲಿ ಯಾರೂ ತುಟಿ ಎರಡು ಮಾಡುವಂತಿರಲಿಲ್ಲ.

ಅವರು ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿದ್ದಾಗ ಹೆಂಡತಿಯ ತಮ್ಮ ಬಂದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಹೋಗಿದ್ದ. ಅಂದಿನಿಂದ, ‘ರೀ, ಒಂದು ರೆಕಾರ್ಡು ಹಾಕ್ತೀರಾ’ ಎಂಬ ಮಾತು ಮನೆಯಲ್ಲಿ ನಿಂತುಹೋಯಿತು. ಗಂಡಸಿಗೂ ಸವತಿ ಬರಬಹುದೆಂದು ಮೇಷ್ಟ್ರು ಎಣಿಸಿರಲಿಲ್ಲ.

ಮರುದಿನ ಅವಳು ಪೇಟೆಗೆ ಹೋದಾಗ, ತಪ್ಪು ಹುಡುಕಲೆಂದೇ ಕಂಪ್ಯೂಟರಿನ ಮುಂದೆ ಕುಳಿತರು. ಅದೇ ಪಿಟೀಲು. ತಪ್ಪು ಸಿಕ್ಕಿತು. ವಾದನದ ಹಿಂದೆ ಒಂದು ಹೆಣ್ಣುದನಿ, ಸಣ್ಣಗೆ, ಸ್ವರ ತಪ್ಪದೆ, ಜೊತೆಗೂಡಿ ಹಾಡುತ್ತಿತ್ತು. ತಟ್ಟೆಯಲ್ಲಿ ಆ ದನಿ ಇರಲಿಲ್ಲ.

ಭಾವಮೈದುನನಿಗೆ ಫೋನು ಮಾಡಿ, ಆ ದನಿ ಎಲ್ಲಿಂದ ಬಂತೆಂದು ಕೇಳಿದರು.

"ಪ್ಲೇಯರಿನ ತಂತಿ ಕಂಪ್ಯೂಟರಿಗೆ ಹೊಂದಲಿಲ್ಲ ಭಾವ, ಅದರೆದುರು ಮೈಕ್ ಇಟ್ಟು ಹಿಡ್ಕೊಂಡೆ. ಅಕ್ಕ ಪಕ್ಕದಲ್ಲೇ ಬಟ್ಟೆ ಮಡಚ್ತಾ ಹಾಡ್ತಿದ್ಲು, ಅದೂ ಸೇರ್ಕೊಂಡಿರಬೇಕು. ಬೇಡ ಅಂದ್ರೆ ಇನ್ನೊಮ್ಮೆ ಮಾಡ್ಕೊಡ್ತೀನಿ."

"ಅವಳು ಹಾಡ್ತಾಳಾ?"

ಅವನು ನಕ್ಕ. "ಒಳ್ಳೇ ಕೇಳಿದ್ರಿ. ಚಿಕ್ಕಂದಿನಿಂದ ಹಾಡ್ತಾಳೆ. ನಿಮಗೆ ಗೊತ್ತಿಲ್ವಾ?"

"ಗೊತ್ತು" ಎಂದರು ಮೇಷ್ಟ್ರು. ಇನ್ನೊಮ್ಮೆ ಮಾಡುವುದು ಬೇಡವೆಂದೂ ಹೇಳಿದರು.

ಫೋನು ಇಟ್ಟ ಮೇಲೆ ಹೊಟ್ಟೆಯ ಕಿಚ್ಚು ಇನ್ನೂ ಆಳಕ್ಕಿಳಿಯಿತು. ತಮ್ಮನೆದುರು ಹಾಡಿದ್ದಳು, ಸರಿ. ಜೀವವಿಲ್ಲದ ಒಂದು ಪೆಟ್ಟಿಗೆಯ ಎದುರೂ ಹಾಡಿದ್ದಳು. ಇಷ್ಟು ವರ್ಷ ಅದೇ ಹಜಾರದಲ್ಲಿ, ಎರಡು ಮೊಳ ದೂರದಲ್ಲಿ ಕುಳಿತ ಗಂಡನೆದುರು ಮಾತ್ರ ಇಲ್ಲ.

ಸಂಜೆ ತಾವಾಗಿಯೇ ಕಪಾಟು ತೆರೆದು ಆ ರೆಕಾರ್ಡನ್ನು ತೆಗೆದರು. ಒಣಗಿದ ಬಟ್ಟೆಗಳನ್ನು ತಂದು ಅವಳ ಕುರ್ಚಿಯ ಬಳಿ ಇಟ್ಟರು.

"ಬಾ, ಕೂತ್ಕೋ. ಬಟ್ಟೆ ಮಡಚ್ತಾನೇ ಕೇಳು" ಎಂದರು.

ಅವಳು ಒಮ್ಮೆ ಅವರ ಮುಖ ನೋಡಿ, ಬಂದು ಕುಳಿತು ಟವೆಲೊಂದನ್ನು ಕೈಗೆತ್ತಿಕೊಂಡಳು. ಮೇಷ್ಟ್ರು ಮುಳ್ಳು ಇಳಿಸಿ, ಅವಳತ್ತ ಕಿವಿಯಿಟ್ಟು ನಿಂತರು.

ಪಿಟೀಲು ಶುರುವಾಯಿತು. ಅವಳು ಟವೆಲನ್ನು ಸದ್ದಾಗದಂತೆ ಮಡಿಲಿಗಿಳಿಸಿ, ತುಟಿ ಬಿಗಿದು, ತಟ್ಟೆ ನಿಲ್ಲುವವರೆಗೆ ಅಲುಗದೆ ಕುಳಿತಳು.