ಅಜ್ಜಿ ಹೆಂಗೆ ನಡೀತಾಳೆ?

ಬೆಂದ ಮೊಟ್ಟೆ ಸುಲಿಯುತ್ತಲೇ ಗಿಡ್ಡಮ್ಮ ಆಟ ಆಡಿಸುತ್ತಿದ್ದಳು. ಟೀಚರಮ್ಮ ಮೀಟಿಂಗಿಗೆಂದು ಚನ್ನಗಿರಿಗೆ ಹೋದ ದಿನ ಅಂಗನವಾಡಿಯ ಅಷ್ಟೂ ಮಕ್ಕಳು ಸಹಾಯಕಿಯಾದ ಅವಳ ಪಾಲಿಗೇ.

"ಕೊಕ್ಕರೆ ಹೆಂಗೆ ನಿಲ್ತೈತೆ?"

ಸೂಳೆಕೆರೆ ದಂಡೆಯ ಮಕ್ಕಳು. ಒಂಟಿಗಾಲಲ್ಲಿ ನಿಂತು, ಓಲಾಡಿ, ಒಂದರ ಮೇಲೊಂದು ಬಿದ್ದವು.

"ಅಜ್ಜಿ ಹೆಂಗೆ ನಡೀತಾಳೆ?"

ಕೋಲು, ಕೆಮ್ಮು ಬರುತ್ತವೆಂದುಕೊಂಡಿದ್ದಳು. ಅವಳ ಮೊಮ್ಮಗಳು ಚೌಡಿ ಬಾಗಿಲಿಗೆ ಓಡಿ, ಚಪ್ಪಲಿ ಕೈಗೆತ್ತಿಕೊಂಡು, ತಲೆ ತಗ್ಗಿಸಿ ಗೋಡೆಯಂಚಿಗೇ ಬಿರಬಿರನೆ ನಡೆದಳು. ಊರ ಗೌಡರಾದ ಶಿವಮೂರ್ತಪ್ಪನವರ ಮನೆ ಮುಂದೆ ಗಿಡ್ಡಮ್ಮ, ಅವಳ ಕೇರಿಯವರೆಲ್ಲ, ದಿನಾ ನಡೆಯುವುದು ಹಾಗೆಯೇ.

ಹೊಸ ಆಟವೆಂದು ಉಳಿದವೂ ಚಪ್ಪಲಿಗೆ ಮುಗಿಬಿದ್ದವು. ಎಲ್ಲರಿಗಿಂತ ಚೆನ್ನಾಗಿ ಬಾಗಿದ್ದು ಶಿವಮೂರ್ತಪ್ಪನವರ ಮೊಮ್ಮಗಳು ಅರುಣಾ.

"ಬ್ಯಾಡ, ಕೆಳಗಿಡ್ರೋ!" ಎನ್ನುವಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಮೊಮ್ಮಗಳನ್ನು ಕರೆದೊಯ್ಯಲು ಶಿವಮೂರ್ತಪ್ಪನವರೇ ಬಂದಿದ್ದರು.

"ಏನೇ ಬೋಳಿ, ನಮ್ಮನೆ ಕೂಸಿಗೆ ನಿಮ್ಮ ಕೇರಿ ನಡಿಗೆ ಕಲಿಸ್ತೀಯಾ?"

"ಇಲ್ರೀ ಗೌಡ್ರೇ... ಮಕ್ಕಳು ಕಂಡಿದ್ನ ಆಡ್ತಾವೆ."

"ಎಲ್ಲಿ ಕಂಡ್ವೇ?"

ಗಿಡ್ಡಮ್ಮನ ಕೈಯೊಳಗಿನ ಮೊಟ್ಟೆ ಹಿಚುಕಿ ಹೋಯಿತು. ಉತ್ತರ ಕೊಟ್ಟದ್ದು ಅರುಣಾ.

"ನಮ್ಮನೆ ಮುಂದೆ, ತಾತ! ನೀನೂ ಆಡು ಬಾ." ಒಂದು ಚಪ್ಪಲಿ ಅವರತ್ತ ಚಾಚಿತು ಮಗು.

ರಪ್ಪನೆ ಅದರ ಕೈಗೆ ಹೊಡೆದರು. ಆಮೇಲೆ ಗಿಡ್ಡಮ್ಮನತ್ತ ತಿರುಗಿದರು.

"ಸಂಜೆ ಮನೆ ಮುಂದೆ ಬಂದು, ಅಡ್ಡಬಿದ್ದು ತಪ್ಪಾತು ಅನ್ನು. ಇಲ್ಲಾಂದ್ರೆ ನಾಳೆ ಈ ಹೊಸಿಲು ಹೆಂಗೆ ದಾಟ್ತೀಯೋ ನೋಡ್ತೀನಿ. ಆಫೀಸಿಗೆ ನಂದೊಂದು ಫೋನ್ ಸಾಕು."

ನಾಲ್ಕು ಗಂಟೆಗೆ ಬೀಗ ಹಾಕಿ ಚೌಡಿಯ ಕೈಹಿಡಿದು ಹೊರಟಳು. ಹದಿನಾಲ್ಕು ವರ್ಷದ ಕೆಲಸ. ಮನೆಯಲ್ಲಿ ಬೇರೆ ದುಡಿಯುವ ಕೈಯಿಲ್ಲ. ತಪ್ಪಾತು ಅನ್ನೋದು ಎಷ್ಟು ಹೊತ್ತಿನ ಮಾತು, ಎಂದುಕೊಳ್ಳುತ್ತಲೇ ನಡೆದಳು.

ತಿರುವಿನಲ್ಲಿ ಗೌಡರ ಮನೆ. ಕಟ್ಟೆಯ ಮೇಲೆ ಅವರು, ಅವರ ಜೊತೆ ಇನ್ನಿಬ್ಬರು, ಕಾಯುತ್ತ ಕೂತಿದ್ದರು. ಗಿಡ್ಡಮ್ಮನ ಕೈ ತನ್ನಷ್ಟಕ್ಕೇ ಚಪ್ಪಲಿಗೆ ಬಾಗಿತು. ಪಕ್ಕದಲ್ಲಿ ಚೌಡಿಯೂ ಕುಕ್ಕರಗಾಲಲ್ಲಿ ಕೂತು ಪುಟ್ಟ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದಳು. ಸರಿಯಾಗಿ ಮಾಡುತ್ತಿದ್ದೇನಾ ಎಂದು ಅಜ್ಜಿಯ ಮುಖ ನೋಡುತ್ತಿದ್ದಳು.

ಗಿಡ್ಡಮ್ಮ ಕೈ ಹಿಂತೆಗೆದಳು. ಮೊಮ್ಮಗಳ ಪಟ್ಟಿಯನ್ನು ಮತ್ತೆ ಬಿಗಿದಳು. ಗೋಡೆಯಂಚು ಬಿಟ್ಟು ರಸ್ತೆಯ ನಡುವಿಗೆ ಬಂದಳು. ತೊಡೆ ನಡುಗುತ್ತಿತ್ತು, ಯಾರಿಗೂ ಕಾಣದಿರಲೆಂದು ಸೀರೆಯ ನೆರಿಗೆ ಬಿಗಿಹಿಡಿದು, ತಲೆಯೆತ್ತಿ ಹೆಜ್ಜೆಯಿಟ್ಟಳು.

ಪಕ್ಕದಲ್ಲಿ ಚೌಡಿಯೂ ಲಂಗ ಬಿಗಿಹಿಡಿದು ತಲೆಯೆತ್ತಿದಳು.