ಶತಮಾನೋತ್ಸವಕ್ಕೆ ಹೋದ ಅಕ್ಕ ತಂಗಿ

ಅಪ್ಪ ಅಮ್ಮನಿಲ್ಲದ ಅಕ್ಕ ತಂಗಿ ಇಬ್ಬರೂ ಬೆಳೆದದ್ದು ಕಾನ್ವೆಂಟಿನ ಹಾಸ್ಟೆಲಿನಲ್ಲೇ. ಅಕ್ಕ ಓದಿನಲ್ಲಿ ಚುರುಕು; ಸಿಸ್ಟರುಗಳು ಅವಳನ್ನು ನರ್ಸಿಂಗ್ ಓದಿಸಿದರು. ತಂಗಿ ಹದಿನೇಳಕ್ಕೇ ಬಸುರಾದಳು. ಅಂದಿನ ವಾರ್ಡನ್ ಸಿಸ್ಟರ್ ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಅವಳ ಪೆಟ್ಟಿಗೆಯನ್ನು ಗೇಟಿನಾಚೆ ಇಡಿಸಿದರು. ಅಕ್ಕನಿಗೆ ಪರೀಕ್ಷೆ ಹತ್ತಿರವಿತ್ತು. ತುಟಿ ಎರಡು ಮಾಡಲಿಲ್ಲ. ಮಗು ಉಳಿಯಲಿಲ್ಲ.

ಆ ವಾರ್ಡನ್ ಈಗ ಅಲ್ಲಿನ ಮುಖ್ಯಸ್ಥೆ, ಮದರ್. ಹೆಣ್ಣುಮಕ್ಕಳ ಸೇವೆಗೆ ನಿಂತ ಕಾನ್ವೆಂಟಿಗೆ ನೂರು ವರ್ಷ ತುಂಬಿದಾಗ, ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದ ಅಕ್ಕನಿಗೆ ತಾವೇ ಫೋನ್ ಮಾಡಿದರು.

"ಇಲ್ಲಿ ಬೆಳೆದ ಮಕ್ಕಳ ಪರವಾಗಿ ನೀನೇ ನಾಲ್ಕು ಮಾತಾಡ್ಬೇಕಮ್ಮ. ನೀನು ನಮ್ಮ ಹೆಮ್ಮೆ."

ವಿಷಯ ತಿಳಿದು ತಂಗಿ ಕೇಳಿದಳು, "ನಾನೂ ಬರ್ಲಾ ಅಕ್ಕ? ಸುಮ್ನೆ ನೋಡ್ಕೊಂಡು ಬರ್ತೀನಿ." ಅವಳು ಆಮೇಲೆ ಮದುವೆಯಾಗಿ, ಈಗ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೆಗೆದು, ಮಡಿಕೆ ಮುರಿಯದಂತೆ ಉಟ್ಟು ಬಂದಳು.

ಅಂಗಳದಲ್ಲಿ ಗಾಲಿಕುರ್ಚಿಯಲ್ಲಿದ್ದ ಮುದಿ ಸಿಸ್ಟರ್, ಹಿಂದೆ ಅಡುಗೆಮನೆ ನೋಡಿಕೊಳ್ಳುತ್ತಿದ್ದವರು, ತಂಗಿಯನ್ನು ಕಂಡದ್ದೇ ಕಣ್ಣರಳಿಸಿದರು. "ಸಕ್ಕರೆ ಕಳ್ಳಿ! ಎಲ್ಲಿ ಹೋಗಿದ್ಯೇ ಇಷ್ಟು ದಿನ?" ತಂಗಿ ಅವರ ಕಾಲ ಬುಡದಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಅಕ್ಕನಿಗೆ ವರ್ಷಗಳೇ ಆಗಿದ್ದವು.

ಅಷ್ಟರಲ್ಲಿ ಮದರ್ ಬಂದರು. ತಂಗಿಯನ್ನು ಗುರುತಿಸಿ, ಅಕ್ಕನನ್ನು ಪಕ್ಕಕ್ಕೆ ಕರೆದರು. "ಅವಳು ಹಿಂದೆ ಎಲ್ಲಾದ್ರೂ ಕೂತ್ಕೊಳ್ಳಲಿ. ಬಿಷಪ್ ಬಂದಿದ್ದಾರೆ."

ಮಾತು ಕಿವಿಗೆ ಬಿದ್ದ ತಂಗಿ ತಾನೇ ಹಿಂದೆ ಹೋಗಿ ಕೂತಳು. ಅಕ್ಕನ ಮೈ ಉರಿದುಹೋಯಿತು. ವೇದಿಕೆ ಹತ್ತಿದಾಗಲೂ ಅದು ಆರಿರಲಿಲ್ಲ.

"ಈ ಮನೆ ನನಗೆ ಅನ್ನ ಕೊಡ್ತು, ವಿದ್ಯೆ ಕೊಡ್ತು," ಎಂದಳು. ಚಪ್ಪಾಳೆ ಬಿತ್ತು. "ನನ್ನ ತಂಗಿಗೆ ಕೊಟ್ಟಿದ್ದು ಗೇಟಿನ ದಾರಿ. ಹೊಟ್ಟೇಲಿ ಮಗು ಇತ್ತು ಅಂತ. ಅಗೋ, ಕೊನೇ ಸಾಲಲ್ಲಿ ಕೂತಿದ್ದಾಳೆ, ನೋಡಿ."

ಸಭೆಗೆ ಸಭೆಯೇ ಹಿಂತಿರುಗಿ ನೋಡಿತು. ಮದರ್ ಕೈಸನ್ನೆ ಮಾಡಿದರು; ಮಕ್ಕಳು ಹಾಡತೊಡಗಿದರು. ಮೈಕು ಸತ್ತುಹೋಯಿತು.

ಇಳಿಯುವಾಗ ಮದರ್ ಹಲ್ಲು ಕಚ್ಚಿ ಹೇಳಿದರು, "ಉಂಡ ಮನೆಗೇ ಎರಡು ಬಗೆದ್ಯಲ್ಲ." ಅಕ್ಕನಿಗೆ ಅದು ನಾಟಲೇ ಇಲ್ಲ. ಎದೆಯ ಮೇಲಿನ ಬಂಡೆ ಇಳಿದಂತಿತ್ತು. ಆದರೆ ಕೊನೆಯ ಸಾಲಿನ ಕುರ್ಚಿ ಖಾಲಿ.

ತಂಗಿ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಮುಖ ಬಿಳಿಚಿಕೊಂಡಿತ್ತು.

"ನಮ್ಮ ಲಾಂಡ್ರಿ ಯಜಮಾನಿ ಮುಂದಿನ ಸಾಲಲ್ಲೇ ಇದ್ರು. ಮನೇಲಿ ನನ್ನ ಗಂಡಂಗೂ ಗೊತ್ತಿಲ್ಲ ಆ ವಿಷಯ. ಹೇಳೋ ಮೊದ್ಲು ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ನಿನಗೋಸ್ಕರಾನೇ ಹೇಳಿದ್ದು ಕಣೇ."

"ನನಗೋಸ್ಕರ ಮಾತಾಡ್ಬೇಕಾದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಇವತ್ತು ಹಗುರಾಗಿದ್ದು ನಿನ್ನ ಎದೆ ಅಕ್ಕ, ನನ್ನದಲ್ಲ."

ಬಸ್ಸು ಬಂತು, ತಂಗಿ ಹತ್ತಿದಳು. ಅಕ್ಕನೂ ಹತ್ತಲು ಹೋದಾಗ, ಅವಳು ತಿರುಗಿ ನೋಡಿದ ನೋಟಕ್ಕೆ ಅಕ್ಕನ ಕಾಲು ಅಲ್ಲೇ ನಿಂತಿತು.

ಆಮೇಲೆ ತಂಗಿ ಫೋನು ಎತ್ತಲಿಲ್ಲ. ಅವಳ ಗಂಡ ಮನೆ ಬಿಟ್ಟು ತನ್ನ ಅಮ್ಮನ ಬಳಿ ಹೋದನೆಂಬ ಸುದ್ದಿ ಬೇರೆಯವರ ಬಾಯಿಂದ ತಿಳಿಯಿತು. ಅಕ್ಕ ತಡೆಯಲಾರದೆ ಲಾಂಡ್ರಿಗೇ ಹೋದಳು. ತಂಗಿ ಇಸ್ತ್ರಿಯಿಂದ ತಲೆಯೆತ್ತಿ, ಗಿರಾಕಿಯನ್ನು ನೋಡುವಂತೆ ನೋಡಿದಳು.

"ಒಗೆಯೋಕಾ, ಇಸ್ತ್ರಿಗಾ?"

"ನಾನು ಕಣೇ…"

"ಬಟ್ಟೆ ಇಲ್ದಿದ್ರೆ ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಮೇಡಂ. ಹಿಂದೆ ಜನ ಕಾಯ್ತಿದ್ದಾರೆ."